ನಸುಕಿನಲ್ಲಿ ಮೀನು ಬಾಯಿ ತೆರೆದರೆ ಅದು ಹಸಿವಲ್ಲ

ಹೋದ ವರ್ಷ ಮೇ ತಿಂಗಳ ಕೊನೆಯ ವಾರ. ಹಿಂದಿನ ಸಂಜೆ ಅಡ್ಡಮಳೆ ಹೊಡೆದು ಹೋಗಿತ್ತು. ನಸುಕಿನ ಐದೂವರೆಗೆ ಅವ್ವ ಹೊಲದಿಂದಲೇ ಫೋನ್ ಮಾಡಿದಳು. "ಲಗೂನ ಬಾ, ಹೊಂಡದಾಗ ಮೀನೆಲ್ಲಾ ಬೆಳ್ಳಗ ತೇಲಾಕತ್ತಾವ."

ತಿಳವಳ್ಳಿಯಿಂದ ನಮ್ಮ ಹೊಲ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಹೋಗಿ ನೋಡಿದರೆ ಕೃಷಿ ಹೊಂಡದ ಒಂದು ಮೂಲೆಯೇ ಬೆಳ್ಳಗಾಗಿತ್ತು. ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು ಕಾಟ್ಲಾ ಮೀನುಗಳು. ಒಂಬತ್ತು ತಿಂಗಳು ಸಾಕಿದ್ದೆ. ಮುಂದಿನ ವಾರ ವ್ಯಾಪಾರಿ ಬಲೆ ತರುವವನಿದ್ದ.

ನಾನು ಓದಿದ್ದು ತೋಟಗಾರಿಕೆ. ಪದವಿ ಮುಗಿಸಿ ಊರಿಗೆ ಬಂದು ಅಡಿಕೆ, ಬಾಳೆ, ತರಕಾರಿಯನ್ನು ಸಾವಯವದಲ್ಲಿ ಬೆಳೆಯುತ್ತಿದ್ದೇನೆ. ಹೊಂಡ ಹೇಗೂ ಇದೆ, ನೀರು ಸುಮ್ಮನೆ ನಿಲ್ಲುವ ಬದಲು ನಾಲ್ಕು ಕಾಸು ಬರಲಿ ಅಂತ ಮೀನು ಬಿಟ್ಟಿದ್ದೆ. ಹೀಗಾಗಿ ಸತ್ತ ಮೀನು ನೋಡಿದ ಕೂಡಲೇ ನನ್ನ ತಲೆಗೆ ಬಂದದ್ದು ಒಂದೇ ಮಾತು: ವಿಷ.

ಯಾಕೆಂದರೆ ನಮ್ಮ ಮೇಲಿನ ಹೊಲ ಒಬ್ಬ ಕಾಕಾನದು. ಬೋರ್ ನೀರಿನಲ್ಲಿ ಬೇಸಿಗೆ ಗೋವಿನಜೋಳ ಹಾಕಿದ್ದರು. ಸೈನಿಕ ಹುಳು ಬಿದ್ದಿತ್ತು ಅಂತ ಎರಡು ದಿನದ ಹಿಂದೆ ಔಷಧ ಹೊಡೆದಿದ್ದರು. ರಾತ್ರಿಯ ಮಳೆ ನೀರು ಅವರ ಬದು ದಾಟಿ ನಮ್ಮ ಹೊಂಡಕ್ಕೆ ಬಂದಿತ್ತು. ಲೆಕ್ಕ ಸರಿಹೋಯಿತು ಅಂದುಕೊಂಡೆ. ಸೀದಾ ಅವರ ಮನೆಗೆ ಹೋಗಿ, ಹತ್ತು ಮಂದಿ ಎದುರು ಆಡಬಾರದ ಮಾತು ಆಡಿದೆ. ಕಾಕಾ ಸಿಟ್ಟಾಗಲಿಲ್ಲ. "ತಮ್ಮಾ, ಆ ಬದುವಿನ ನೀರನ್ನ ನನ್ನ ಎಮ್ಮಿನೂ ಕುಡೀತಾವ" ಅಂದರು, ಅಷ್ಟೇ.

ಆ ದಿನ ಸಂಜೆ ಹೊತ್ತಿಗೆ ಗೊತ್ತಾಯಿತು: ಮೀನು ಕೊಂದದ್ದು ಕಾಕಾ ಅಲ್ಲ. ನಾನೇ.

ನಾಲ್ಕು ಪ್ರಶ್ನೆ

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಇದ್ದಾನೆ. ಅವನಿಗೆ ವಿಡಿಯೋ ಕಳಿಸಿ ಫೋನ್ ಮಾಡಿದೆ. "ವಿಷ ಹಾಕ್ಯಾರ" ಅಂತ ನಾನು ಶುರು ಮಾಡಿದರೆ ಅವನು ತಡೆದು ನಾಲ್ಕು ಪ್ರಶ್ನೆ ಕೇಳಿದ.

ಒಂದು, ಸತ್ತದ್ದು ಎಷ್ಟು ಹೊತ್ತಿಗೆ? ನಸುಕಿನಲ್ಲಿ.

ಎರಡು, ಯಾವ ಮೀನು ಸತ್ತಿವೆ, ಯಾವವು ಬದುಕಿವೆ? ದೊಡ್ಡ ಕಾಟ್ಲಾ ಹೆಚ್ಚು ಸತ್ತಿವೆ, ರೋಹು ಒಂದಿಷ್ಟು. ಸಾಮಾನ್ಯ ಗೆಂಡೆ ಬದುಕಿವೆ, ಸಣ್ಣ ಮೀನು ಎಲ್ಲಾ ಓಡಾಡುತ್ತಿವೆ.

ಮೂರು, ನೀರಿನ ಮೇಲೆ ಓಡಾಡುವ ಹುಳ, ಕಪ್ಪೆ ಏನಾಗಿವೆ? ನೋಡಿದೆ. ಹುಳ ಓಡುತ್ತಿದ್ದವು, ಕಪ್ಪೆ ದಡದ ಮೇಲೆ ಕೂತಿದ್ದವು.

ನಾಲ್ಕು, ಹಿಂದಿನ ಎರಡು ಮೂರು ದಿನ ಮೀನು ಹೇಗಿದ್ದವು?

ಈ ನಾಲ್ಕನೇ ಪ್ರಶ್ನೆಗೆ ಉತ್ತರ ಕೊಟ್ಟವಳು ಅವ್ವ. "ಮೂರು ದಿನದಿಂದ ಮುಂಜಾನೆ ಮುಂಜಾನೆ ಬಾಯಿ ತಕ್ಕೊಂಡು ಮ್ಯಾಲೆ ಬರಾಕತ್ತಿದ್ದವು. ನಾನು ಹೇಳಿದ್ನೆಲ್ಲ." ಹೌದು, ಹೇಳಿದ್ದಳು. ನಾನು ಮೀನಿಗೆ ಹಸಿವಾಗಿದೆ ಅಂದುಕೊಂಡು ಶೇಂಗಾ ಹಿಂಡಿ, ತೌಡು ಇನ್ನೊಂದು ಬುಟ್ಟಿ ಹೆಚ್ಚು ಹಾಕಿದ್ದೆ. ನೀರು ಹಸಿರಾಗಿ ಚೆನ್ನಾಗಿ ಕಾಣುತ್ತಿದೆ, ಇನ್ನಷ್ಟು ಆಗಲಿ ಅಂತ ಹಸಿ ಸಗಣಿಯನ್ನೂ ಕಲಸಿ ಬಿಟ್ಟಿದ್ದೆ.

ಗೆಳೆಯ ಅಂದ: "ಅವು ಊಟ ಕೇಳಿದ್ದಲ್ಲ, ಉಸಿರು ಕೇಳಿದ್ದು. ನೀನು ಉಸಿರು ಕಸಿದುಕೊಂಡು ಊಟ ಹಾಕಿದಿ."

ಮರುದಿನ ನಸುಕಿಗೆ ಅವನು ಹೇಳಿದಂತೆ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಂದು ಪರೀಕ್ಷೆ ಮಾಡಿದೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಂ ಕೂಡ ಇರಲಿಲ್ಲ. ಗೆಂಡೆ ಜಾತಿಯ ಮೀನಿಗೆ 5 ಮಿಲಿಗ್ರಾಂ ಇದ್ದರೆ ಆರಾಮ. 3ಕ್ಕಿಂತ ಕೆಳಗಿಳಿದರೆ ಒತ್ತಡ. 1ಕ್ಕಿಂತ ಕೆಳಗೆ ಬಂದರೆ ಸಾವು.

ಹಾಂಗಲ್ ಕಡೆ ಕೆರೆ ಕಟ್ಟೆಗೆ ಬರವಿಲ್ಲ. ಈಗ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯೂ ಹೊಲಕ್ಕೊಂದು ಕೃಷಿ ಹೊಂಡ ಕಾಣುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತಾಡಪತ್ರಿ ಹಾಸಿದ ಹೊಂಡಗಳು ಹೆಚ್ಚಾದವು. ಅದರಲ್ಲಿ ಮೀನು ಬಿಡುವ ಹುಡುಗರೂ ಹೆಚ್ಚಾಗಿದ್ದಾರೆ. ಆದರೆ ಮೀನಿನ ಮೈ ಒಳಗೆ ಏನು ನಡೆಯುತ್ತದೆ ಅಂತ ತಿಳಿಯದೆ ಬಿಟ್ಟರೆ ನನ್ನ ಹಾಗೇ ಆಗುತ್ತದೆ. ಅದಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ.

ನೀರಿನಲ್ಲಿ ಉಸಿರಾಡುವುದು ಎಷ್ಟು ಕಷ್ಟ

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ, ಎಲ್ಲಾ ಚೆನ್ನಾಗಿದ್ದರೂ, 7ರಿಂದ 9 ಮಿಲಿಗ್ರಾಂ. ಅಂದರೆ ಮೀನಿಗೆ ಸಿಗುವುದು ನಮಗೆ ಸಿಗುವುದರ ಮೂವತ್ತರಲ್ಲಿ ಒಂದು ಪಾಲು. ಅದೂ ಗಾಳಿಗಿಂತ ಎಷ್ಟೋ ಪಟ್ಟು ಭಾರವಾದ ನೀರನ್ನು ಬಾಯಿಂದ ಎಳೆದು, ಕಿವಿರಿನಿಂದ ಹೊರಗೆ ತಳ್ಳಬೇಕು.

ಇಷ್ಟು ಕಷ್ಟದಲ್ಲೂ ಮೀನು ಬದುಕುವುದು ಕಿವಿರಿನ ಕಟ್ಟಡದಿಂದ. ಕಿವಿರಿನ ಕೆಂಪು ಎಳೆಗಳ ಮೇಲೆ ಬಹಳ ತೆಳುವಾದ ಪದರಗಳಿವೆ. ಅದರ ಮೇಲೆ ನೀರು ಒಂದು ದಿಕ್ಕಿಗೆ ಹರಿದರೆ, ಒಳಗೆ ರಕ್ತ ಎದುರು ದಿಕ್ಕಿಗೆ ಹರಿಯುತ್ತದೆ. ಹೀಗೆ ಎದುರು ಬದುರು ಹರಿಯುವುದರಿಂದ ಕೊನೆ ತನಕವೂ ನೀರಿನಿಂದ ರಕ್ತಕ್ಕೆ ಆಮ್ಲಜನಕ ದಾಟುತ್ತಲೇ ಇರುತ್ತದೆ. ನೀರಿನಲ್ಲಿರುವ ಆಮ್ಲಜನಕದ ಬಹುಪಾಲನ್ನು ಕಿವಿರು ಹೀರಬಲ್ಲದು. ಆದರೆ ನೀರಿನಲ್ಲೇ ಇಲ್ಲದಿದ್ದರೆ?

ಆಗ ಮೀನು ಮೊದಲು ಕಿವಿರಿನ ಮುಚ್ಚಳವನ್ನು ಜೋರಾಗಿ ಬಡಿಯುತ್ತದೆ. ಸಾಲದಿದ್ದರೆ ನೀರಿನ ಮೇಲ್ಪದರಕ್ಕೆ ಬರುತ್ತದೆ, ಗಾಳಿಗೆ ತಾಗಿದ ಆ ತೆಳು ಪದರದಲ್ಲಿ ಸ್ವಲ್ಪ ಆಮ್ಲಜನಕ ಹೆಚ್ಚಿರುತ್ತದೆ ಅಂತ. ಅದೇ ಬಾಯಿ ತೆರೆದು ಮೇಲೆ ಬರುವುದು. ಅದು ಮೀನಿನ ಕೊನೆಯ ಉಪಾಯ.

ಕೊರವ ಮೀನು, ಮಾಗೂರು ಇಂತಹ ಜಾತಿಗಳು ಬೇರೆ. ಅವಕ್ಕೆ ನೇರವಾಗಿ ಗಾಳಿಯನ್ನೇ ಉಸಿರಾಡುವ ಅಂಗ ಇದೆ. ಕೆಸರಿನಲ್ಲೂ ಬದುಕುತ್ತವೆ. ಕಾಟ್ಲಾ, ರೋಹು, ಮೃಗಾಲ್‌ಗೆ ಆ ಸೌಲಭ್ಯ ಇಲ್ಲ.

ಬೇಸಿಗೆ ಬಂದರೆ ಎರಡು ಕಡೆಯಿಂದ ಪೆಟ್ಟು

ನಮ್ಮ ಮೈ ಬಿಸಿ ಹೊರಗಿನ ಬಿಸಿಲಿಗೆ ಬದಲಾಗುವುದಿಲ್ಲ. ಮೀನಿನದು ಹಾಗಲ್ಲ, ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ನೀರು 10 ಡಿಗ್ರಿ ಏರಿದರೆ ಮೀನಿನ ಮೈ ಒಳಗಿನ ಕೆಲಸಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬೇಕಾಗುವ ಆಮ್ಲಜನಕವೂ ಹಾಗೇ ಏರುತ್ತದೆ.

ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ ಹಿಡಿಯುತ್ತದೆ. ಇದು ಸಮುದ್ರ ಮಟ್ಟದ ಲೆಕ್ಕ, ನಮ್ಮ ಎತ್ತರಕ್ಕೆ ಇನ್ನೂ ಸ್ವಲ್ಪ ಕಡಿಮೆ. ಖರ್ಚು ಹೆಚ್ಚಾದಾಗಲೇ ಆದಾಯ ಕಡಿಮೆ. ಬೇಸಿಗೆಯಲ್ಲಿ ಮೀನಿನ ಪರಿಸ್ಥಿತಿ ಇದು.

ಇದರ ಮೇಲೆ ಊಟದ ಲೆಕ್ಕ ಸೇರಿಸಿ. ಹೊಟ್ಟೆ ತುಂಬಿದ ಮೀನಿಗೆ ಅದನ್ನು ಅರಗಿಸಲು ಇನ್ನಷ್ಟು ಆಮ್ಲಜನಕ ಬೇಕು. ಸಂಜೆ ಗಡದ್ದಾಗಿ ತಿಂದ ಮೀನು ರಾತ್ರಿಯಿಡೀ ಹೆಚ್ಚು ಉಸಿರು ಕೇಳುತ್ತದೆ. ಅದೇ ಹೊತ್ತಿಗೆ ಹೊಂಡದಲ್ಲಿ ಆಮ್ಲಜನಕ ಇಳಿಯುತ್ತಿರುತ್ತದೆ.

ಹಗಲಿಗೆ ಕೊಡುವ ಪಾಚಿ, ರಾತ್ರಿಗೆ ಕಸಿಯುವ ಪಾಚಿ

ಹೊಂಡದ ನೀರು ಹಸಿರಾಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ. ಬಿಸಿಲು ಇದ್ದಾಗ ಅದು ನಮ್ಮ ಬಾಳೆ ಎಲೆಯ ಹಾಗೆ ಆಮ್ಲಜನಕ ತಯಾರಿಸುತ್ತದೆ. ಮಧ್ಯಾಹ್ನ ಮೂರಕ್ಕೆ ಅಳೆದರೆ ಹೊಂಡ ತುಂಬಾ ಆಮ್ಲಜನಕ. ಸೂರ್ಯ ಮುಳುಗಿದ ಮೇಲೆ ತಯಾರಿ ಬಂದ್. ಆದರೆ ಪಾಚಿಗೂ ಉಸಿರಾಟ ಇದೆ. ರಾತ್ರಿಯಿಡೀ ಪಾಚಿ, ಮೀನು, ತಳದ ಸಗಣಿ ತಿನ್ನುವ ಸೂಕ್ಷ್ಮಜೀವಿ ಎಲ್ಲಾ ಒಂದೇ ಗಡಿಗೆಯಿಂದ ಕುಡಿಯುತ್ತವೆ. ಗಡಿಗೆ ಖಾಲಿ ಆಗುವುದು ನಸುಕಿನ ನಾಲ್ಕರಿಂದ ಆರರ ನಡುವೆ. ಮೀನು ಆ ಹೊತ್ತಿಗೇ ಸಾಯುವುದಕ್ಕೆ ಕಾರಣ ಇದು.

ನನ್ನ ಹೊಂಡದಲ್ಲಿ ಆದದ್ದನ್ನು ಈಗ ಜೋಡಿಸಿ ನೋಡಿ. ಮೇ ತಿಂಗಳಿಗೆ ನೀರು ಅರ್ಧಕ್ಕೆ ಇಳಿದಿತ್ತು. 21 ಮೀಟರ್ ಚೌಕದ ಹೊಂಡಕ್ಕೆ ಚದರ ಮೀಟರಿಗೆ ಒಂದರಂತೆ ನಾನೂರು ಮರಿ ಬಿಡಬೇಕಾದಲ್ಲಿ ಆಸೆಗೆ ಬಿದ್ದು ಸಾವಿರ ಬಿಟ್ಟಿದ್ದೆ. ಸಗಣಿ ಹಾಕಿ ಪಾಚಿ ದಟ್ಟ ಮಾಡಿದ್ದೆ. ಹಿಂಡಿ ಹೆಚ್ಚಿಸಿದ್ದೆ. ಆ ಮೂರು ದಿನ ಮೋಡ ಮುಸುಕಿತ್ತು, ಹಾಗಾಗಿ ಹಗಲಿನ ತಯಾರಿ ಕಡಿಮೆ. ಕೊನೆಗೆ ಸಂಜೆ ತಣ್ಣನೆಯ ಮಳೆ ಬಿತ್ತು. ಬೇಸಿಗೆಯಲ್ಲಿ ಹೊಂಡದ ನೀರು ಮೇಲೆ ಬಿಸಿ, ಕೆಳಗೆ ತಂಪು ಅಂತ ಪದರ ಪದರವಾಗಿ ನಿಂತಿರುತ್ತದೆ. ತಣ್ಣನೆ ಮಳೆ ನೀರು ಭಾರ, ಕೆಳಗಿಳಿಯುತ್ತದೆ. ಆಗ ತಳದಲ್ಲಿದ್ದ ಆಮ್ಲಜನಕವಿಲ್ಲದ, ಕೊಳೆತ ವಾಸನೆಯ ನೀರು ಮೇಲೆದ್ದು ಎಲ್ಲಾ ಕಲಸಿಹೋಗುತ್ತದೆ.

ಸಾವಯವ ಅಂದರೆ ಅಪಾಯ ಇಲ್ಲ ಅಂತ ನಂಬಿದ್ದವನು ನಾನು. ಸಗಣಿ ಮಣ್ಣಿಗೆ ಅಮೃತ ಇರಬಹುದು. ನೀರಿನಲ್ಲಿ ಹಸಿ ಸಗಣಿ ಕೊಳೆಯುವಾಗ ಮೊದಲು ತಿನ್ನುವುದು ಮೀನಿನ ಉಸಿರನ್ನೇ.

ಇದೇ ಕಥೆ ದೊಡ್ಡ ಕೆರೆಗಳಲ್ಲೂ ನಡೆಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಒಮ್ಮೆಲೇ ಸತ್ತು ತೇಲಿದ್ದು ಟಿವಿಯಲ್ಲಿ ನೋಡಿರಬಹುದು. ಅಲ್ಲಿ ಸಗಣಿಯ ಬದಲು ನಗರದ ಕೊಳಚೆ ನೀರು. ಜೊತೆಗೆ ಅದೇ ಬೇಸಿಗೆ, ಅದೇ ಆಮ್ಲಜನಕದ ಕೊರತೆ.

ಸಾಯದ ಮೀನಿಗೂ ಏನೋ ಆಗಿರುತ್ತದೆ

ಅಂದು ಬದುಕಿ ಉಳಿದ ಮೀನು ಕಂಡು ಸಮಾಧಾನ ಮಾಡಿಕೊಂಡಿದ್ದೆ. ಹತ್ತು ದಿನಕ್ಕೆ ಅವುಗಳ ಮೈಮೇಲೆ ಕೆಂಪು ಗಾಯ, ರೆಕ್ಕೆ ಕೊಳೆತ ಶುರುವಾಯಿತು. ರೋಗ ಹೊಸದಾಗಿ ಬಂತು ಅಂದುಕೊಂಡೆ. ಅದೂ ಅದೇ ಹಳೆಯ ಪೆಟ್ಟು.

ಮೀನಿಗೆ ಏನೇ ಕಷ್ಟ ಬಂದರೂ, ಉಸಿರು ಕಡಿಮೆಯಾಗಲಿ, ನೀರು ದಿಢೀರ್ ಬಿಸಿಯಾಗಲಿ, ಬಲೆಗೆ ಸಿಗಲಿ, ಮೈ ಒಳಗೆ ಆಗುವುದು ಒಂದೇ ಬಗೆ. ಕೆಲವೇ ಕ್ಷಣದಲ್ಲಿ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಅದರ ಹಿಂದೆ ನಿಮಿಷಗಳಲ್ಲಿ ಕಾರ್ಟಿಸಾಲ್. ನಮ್ಮಲ್ಲಿ ಇವೆರಡು ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಬಂದರೆ, ಮೀನಿನಲ್ಲಿ ತಲೆಯ ಹಿಂಬದಿಯ ಮೂತ್ರಪಿಂಡದ ಭಾಗದಿಂದ ಬರುತ್ತವೆ. ಕೂಡಿಟ್ಟ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ, ಹೃದಯ ಜೋರಾಗುತ್ತದೆ. ಹದ್ದು ಬಂದಾಗ ತಪ್ಪಿಸಿಕೊಳ್ಳಲು ಇದು ಬೇಕೇ ಬೇಕು. ಐದು ನಿಮಿಷದ ಕೆಲಸ ಇದು.

ಆದರೆ ಹೊಂಡದಲ್ಲಿ ಒತ್ತಡ ದಿನಗಟ್ಟಲೆ ಇದ್ದರೆ ಕಾರ್ಟಿಸಾಲ್ ಇಳಿಯುವುದಿಲ್ಲ. ಆಗ ಮೀನು ತಿನ್ನುವುದು ಕಡಿಮೆ ಮಾಡುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ, ರೋಗ ತಡೆಯುವ ಶಕ್ತಿ ಕುಂದುತ್ತದೆ. ನೀರಿನಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಾ, ಶಿಲೀಂಧ್ರ, ಮೀನಿನ ಹೇನು ಆಗ ಗೆಲ್ಲುತ್ತವೆ. "ಹಿಂಡಿ ಹಾಕಿದ್ರೂ ಮೀನು ದಪ್ಪ ಆಗವಲ್ದು" ಅಂತ ಹೇಳುವವರು ಬಹಳ ಜನ. ಮೀನಿನ ತಳಿ ಸರಿ ಇಲ್ಲ ಅನ್ನುವ ಮುಂಚೆ ನಸುಕಿನಲ್ಲಿ ಒಮ್ಮೆ ಹೊಂಡದ ಹತ್ತಿರ ಹೋಗಿ ನಿಲ್ಲಿ.

ಇನ್ನೊಂದು ಸಂಗತಿ ಉಪ್ಪಿನದು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಬಹಳ ಉಪ್ಪು. ಹಾಗಾಗಿ ಕಿವಿರಿನ ತೆಳು ಪದರದ ಮೂಲಕ ಹೊರಗಿನ ನೀರು ಸದಾ ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ಮೀನು ನೀರು ಕುಡಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಕುಡಿಯುತ್ತದೆ. ನುಗ್ಗಿದ ನೀರನ್ನು ತೆಳು ಮೂತ್ರವಾಗಿ ಹೊರಹಾಕುತ್ತದೆ, ಕಳೆದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಮತ್ತೆ ಎಳೆದುಕೊಳ್ಳುತ್ತದೆ. ದಿನವಿಡೀ ನಡೆಯುವ ಪಂಪಿನ ಕೆಲಸ ಇದು. ಒತ್ತಡದಲ್ಲಿ ಕಿವಿರಿಗೆ ರಕ್ತ ಜೋರಾಗಿ ಹರಿಯುವಾಗ ಉಸಿರೇನೋ ಹೆಚ್ಚು ಸಿಗುತ್ತದೆ, ಆದರೆ ಉಪ್ಪಿನ ಸೋರಿಕೆಯೂ ಹೆಚ್ಚುತ್ತದೆ. ಮರಿ ಸಾಗಿಸುವ ನೀರಿಗೆ ಲೀಟರಿಗೆ 1ರಿಂದ 3 ಗ್ರಾಂ ಕಲ್ಲುಪ್ಪು ಹಾಕುವುದು ಇದಕ್ಕೇ. ಒಳಗಿನ ಉಪ್ಪು ಸೋರುವುದು ಕಡಿಮೆಯಾಗುತ್ತದೆ.

ಮಧ್ಯಾಹ್ನದ ಶತ್ರು ಬೇರೆ

ನಸುಕಿನ ಶತ್ರು ಆಮ್ಲಜನಕದ ಕೊರತೆ. ಮಧ್ಯಾಹ್ನದ ಶತ್ರು ಅಮೋನಿಯಾ. ಮೀನು ತಿಂದ ಪ್ರೋಟೀನಿನ ಕಸವನ್ನು ಅಮೋನಿಯಾ ರೂಪದಲ್ಲಿ ಕಿವಿರಿನಿಂದಲೇ ಹೊರಹಾಕುತ್ತದೆ. ಕೊಳೆಯುವ ಹಿಂಡಿಯಿಂದಲೂ ಅದು ಬರುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ, ಒಂದು ಅಷ್ಟಾಗಿ ತೊಂದರೆ ಕೊಡದ್ದು, ಇನ್ನೊಂದು ವಿಷ. ಯಾವುದು ಎಷ್ಟು ಅನ್ನುವುದು ನೀರಿನ ಪಿಎಚ್ ಮೇಲೆ ನಿಂತಿದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಶೇ 1ಕ್ಕಿಂತ ಕಡಿಮೆ. 8ಕ್ಕೆ ಏರಿದರೆ ಶೇ 7ರಷ್ಟು. 9 ಆದರೆ ಶೇ 40ಕ್ಕೂ ಹೆಚ್ಚು.

ದಟ್ಟ ಹಸಿರು ಹೊಂಡದಲ್ಲಿ ಪಾಚಿ ಹಗಲೆಲ್ಲಾ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಮಧ್ಯಾಹ್ನಕ್ಕೆ ಪಿಎಚ್ 9 ಮುಟ್ಟುವುದು ಸಾಮಾನ್ಯ. ಇದಕ್ಕೇ ಒಂದು ಎಚ್ಚರಿಕೆ: ಮೀನು ಸುಸ್ತಾಗಿವೆ ಅಂತ ಅಳತೆ ಮಾಡದೆ ಸುಣ್ಣ ಸುರಿಯಬೇಡಿ. ಸುಣ್ಣ ಪಿಎಚ್ ಏರಿಸುತ್ತದೆ. ಅಮೋನಿಯಾ ತುಂಬಿದ ಹೊಂಡಕ್ಕೆ ಸುಣ್ಣ ಹಾಕಿದರೆ ಇದ್ದ ಅಮೋನಿಯಾವನ್ನೇ ವಿಷ ಮಾಡಿಕೊಟ್ಟಂತೆ.

ಹಾಗಾದರೆ ವಿಷದಿಂದ ಸಾಯುವುದೇ ಇಲ್ಲವೇ?

ಸಾಯುತ್ತವೆ. ಕಾಕಾನ ಮೇಲೆ ನಾನು ಹೊರಿಸಿದ್ದು ಸುಳ್ಳು, ಆದರೆ ಆ ಭಯ ಸುಳ್ಳಲ್ಲ. 2018ರಲ್ಲಿ ಸೈನಿಕ ಹುಳು ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಗೋವಿನಜೋಳಕ್ಕೆ ಔಷಧ ಹೊಡೆಯುವುದು ಹೆಚ್ಚಾಗಿದೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಜಾತಿಯ ಔಷಧಗಳು ಮೀನಿಗೆ ಮಹಾ ವಿಷ. ದನಕರು, ಮನುಷ್ಯರ ಮೈ ಇವುಗಳನ್ನು ಬೇಗ ಒಡೆದು ಹಾಕುತ್ತದೆ, ಮೀನಿನ ಮೈಗೆ ಆ ಶಕ್ತಿ ಬಹಳ ಕಡಿಮೆ. ಲೀಟರಿಗೆ ಮಿಲಿಗ್ರಾಮಿನ ಸಾವಿರದ ಕೆಲವೇ ಪಾಲಿನಷ್ಟು ಸೇರಿದರೂ ಸಾಕು. ಎಮ್ಮೆ ಕುಡಿದು ಆರಾಮಾಗಿರುವ ನೀರಿನಲ್ಲಿ ಮೀನು ಸಾಯಬಹುದು, ಅದಕ್ಕೇ "ಎಮ್ಮೆಗೆ ಏನೂ ಆಗಿಲ್ಲ" ಅನ್ನುವುದು ಪುರಾವೆ ಆಗುವುದಿಲ್ಲ.

ನಮ್ಮ ಪಕ್ಕದ ಧಾರವಾಡದಲ್ಲೇ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ಸೈಪರ್‌ಮೆಥ್ರಿನ್‌ನಂತಹ ಔಷಧಗಳು ರೋಹು, ಮೃಗಾಲ್, ಗೆಂಡೆಯ ಮೇಲೆ ಏನು ಮಾಡುತ್ತವೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸಾಯುವ ಪ್ರಮಾಣಕ್ಕಿಂತ ಕಡಿಮೆ ಇದ್ದಾಗಲೂ ಉಸಿರಾಟದ ಲಯ, ಈಜುವ ರೀತಿ ಬದಲಾಗುತ್ತದೆ. ಕಿವಿರು ಹಾಳಾದ ಮೀನಿಗೆ ನೀರಿನಲ್ಲಿ ಆಮ್ಲಜನಕ ಇದ್ದೂ ಇಲ್ಲದಂತೆ.

ನದಿಯ ಕಥೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾ ದಂಡೆಯಲ್ಲಿ ಕಾರ್ಖಾನೆ ತ್ಯಾಜ್ಯದ ವಿರುದ್ಧ ಜನ ಎದ್ದಾಗ, ಮುಂದೆ ನಿಂತದ್ದು ಸಮಾಜ ಪರಿವರ್ತನ ಸಮುದಾಯ. ನೀರು ಕೆಟ್ಟಿದೆ ಅಂತ ದಂಡೆಯ ಜನರಿಗೆ ಮೊದಲು ಹೇಳಿದ್ದು ಸತ್ತ ಮೀನು.

ಹಾಗಾಗಿ ಯಾರ ಮೇಲಾದರೂ ಬೆರಳು ತೋರಿಸುವ ಮುಂಚೆ ಈ ವ್ಯತ್ಯಾಸ ನೋಡಿ.

ಉಸಿರು ಸಾಲದೆ ಸತ್ತರೆ: ಸಾವು ನಸುಕಿನಲ್ಲಿ. ದೊಡ್ಡ ಮೀನು ಮೊದಲು, ಕಾಟ್ಲಾ ಮೊದಲು. ಬದುಕಿದವು ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ. ಸತ್ತ ಮೀನಿನ ಬಾಯಿ ತೆರೆದಿರುತ್ತದೆ, ಕಿವಿರು ಅಗಲಿರುತ್ತದೆ. ಗಾಳಿ ಉಸಿರಾಡುವ ನೀರಹುಳ, ಕಪ್ಪೆ ಆರಾಮ. ನೀರಿನ ಬಣ್ಣ ಹಸಿರಿನಿಂದ ಕಂದಿಗೆ ತಿರುಗಿರಬಹುದು, ಕೊಳೆತ ವಾಸನೆ ಇರಬಹುದು.

ಕೀಟನಾಶಕದಿಂದ ಸತ್ತರೆ: ಯಾವ ಹೊತ್ತಿಗಾದರೂ ಸಾಯುತ್ತವೆ. ಸಣ್ಣದು ದೊಡ್ಡದು ಒಟ್ಟಿಗೆ, ಎಷ್ಟೋ ಸಲ ಸಣ್ಣದೇ ಮೊದಲು. ಮೀನು ದಿಕ್ಕು ತಪ್ಪಿ ಸುತ್ತುತ್ತವೆ, ಜಿಗಿಯುತ್ತವೆ, ನಡುಗುತ್ತವೆ. ನೀರಿನ ಮೇಲಿನ ಹುಳವೂ ಸತ್ತಿರುತ್ತವೆ. ಆಮ್ಲಜನಕ ಅಳೆದರೆ ಸರಿಯಾಗೇ ಇರುತ್ತದೆ.

ವಿಷದ ಅನುಮಾನ ಗಟ್ಟಿಯಾಗಿದ್ದರೆ ಟೈಮ್ ಕಾಣುವಂತೆ ವಿಡಿಯೋ ಮಾಡಿ. ತೊಳೆದ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಆಗತಾನೇ ಸತ್ತ ಒಂದೆರಡು ಮೀನನ್ನು ಐಸ್‌ನಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ತಿಳಿಸಿ. ಆ ಮೀನು ಮಾರಬೇಡಿ, ತಿನ್ನಬೇಡಿ. ನೀರಿನ ಮೂಲದಿಂದ ದೂರ ಗುಂಡಿ ತೆಗೆದು ಹೂಳಿ.

ಈಗ ನಾನು ಮಾಡುತ್ತಿರುವುದು

ಫೋನಿನಲ್ಲಿ ಅಲಾರ್ಮ್. ಮಾರ್ಚ್‌ನಿಂದ ಜೂನ್ ತನಕ ಮತ್ತು ಮೋಡ ಮುಸುಕಿದ ಯಾವುದೇ ದಿನ ನಸುಕಿನ ನಾಲ್ಕೂವರೆಗೆ ಹೊಂಡದ ಹತ್ತಿರ ಇರುತ್ತೇನೆ. ಎರಡು ನಿಮಿಷದ ವಿಡಿಯೋ ಮಾಡುತ್ತೇನೆ. ಎಷ್ಟು ಬಾಯಿ ಮೇಲೆ ಕಾಣುತ್ತವೆ, ಹೆಜ್ಜೆ ಸಪ್ಪಳಕ್ಕೆ ಕೆಳಗೆ ಓಡುತ್ತವೋ ಇಲ್ಲವೋ ಅಂತ ಹಿಂದಿನ ದಿನದ ಜೊತೆ ಹೋಲಿಸುತ್ತೇನೆ. ಸಪ್ಪಳ ಮಾಡಿದರೂ ಓಡದಿದ್ದರೆ ಗಂಡಾಂತರ ಹತ್ತಿರ.

ಮೊಣಕೈ ಲೆಕ್ಕ. ಕೈಯನ್ನು ಮೊಣಕೈ ತನಕ ನೀರಿಗಿಳಿಸಿ. ಅಂಗೈ ಮಸುಕಾಗಿ ಕಂಡರೆ ಸರಿ. ಮೊಣಕೈ ಮುಳುಗುವ ಮುಂಚೆಯೇ ಅಂಗೈ ಮಾಯವಾದರೆ ಪಾಚಿ ಅತಿಯಾಗಿದೆ. ಸಗಣಿ ನಿಲ್ಲಿಸಿ, ಹಿಂಡಿ ಕಡಿಮೆ ಮಾಡಿ, ಸಾಧ್ಯವಾದರೆ ತಳದ ನೀರು ತೆಗೆದು ಬಾಳೆಗೆ ಬಿಟ್ಟು ಹೊಸ ನೀರು ತುಂಬಿ. ಬಾಳೆಗೆ ಅದು ಒಳ್ಳೆಯ ಗೊಬ್ಬರವೇ.

ಹಿಂಡಿ ತೂಕ ಹಾಕಿ. ಬೆಳೆದ ಮೀನಿನ ಒಟ್ಟು ತೂಕದ ಶೇ 2ರಿಂದ 3 ಸಾಕು. ಬಿಸಿಲು ಬಿದ್ದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ ಹಾಕಿ. ಮೋಡ ಇದ್ದ ದಿನ ಹಾಕಬೇಡಿ. ಒಂದು ದಿನ ತಿನ್ನದಿದ್ದರೆ ಮೀನು ಸಾಯುವುದಿಲ್ಲ.

ಪಂಪು ತಯಾರಿರಲಿ. ರಾತ್ರಿ ತ್ರೀ ಫೇಸ್ ಇರುವುದಿಲ್ಲ, ಅದಕ್ಕೆ ಸಿಂಗಲ್ ಫೇಸ್‌ನ ಒಂದು ಎಚ್‌ಪಿ ಪಂಪು ಇಟ್ಟಿದ್ದೇನೆ. ಹೊಂಡದ ನೀರನ್ನೇ ಎತ್ತಿ ಸ್ಪ್ರಿಂಕ್ಲರ್ ಜೆಟ್‌ನಿಂದ ಮತ್ತೆ ಹೊಂಡಕ್ಕೇ ಮಳೆಯಂತೆ ಬೀಳಿಸುವುದು. ಹನಿ ಸಣ್ಣದಾದಷ್ಟೂ ಗಾಳಿ ಹೆಚ್ಚು ಸೇರುತ್ತದೆ. ಮೂರರಿಂದ ಆರರ ತನಕ ಓಡಿಸಿದರೆ ಬಹಳ ಮೀನು ಉಳಿಯುತ್ತವೆ. ಬೋರ್ ನೀರು ಬಿಡುವುದಾದರೂ ಪೈಪ್ ನೀರಿನೊಳಗೆ ಮುಳುಗಿಸಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಎತ್ತರದಿಂದ ಚಿಮ್ಮಿಸಿಯೇ ಬಿಡಬೇಕು.

ಮರಿ ಬಿಡುವಾಗ ಅವಸರ ಬೇಡ. ಮರಿ ತರುವುದು ತಂಪು ಹೊತ್ತಿನಲ್ಲಿ. ಚೀಲವನ್ನು ಕಟ್ಟಿದ ಹಾಗೇ ಹದಿನೈದು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ ಸ್ವಲ್ಪ ಸ್ವಲ್ಪವೇ ಹೊಂಡದ ನೀರು ಸೇರಿಸಿ, ಅವೇ ಈಜಿ ಹೊರಗೆ ಬರಲಿ. ಮೀನಿನ ಮೈ ನೀರಿನ ಬಿಸಿಯನ್ನೇ ಹೊತ್ತಿರುತ್ತದೆ ಅನ್ನುವುದು ನೆನಪಿದ್ದರೆ ಇದು ಯಾಕೆ ಅಂತ ಹೇಳಬೇಕಿಲ್ಲ.

ಏಪ್ರಿಲ್‌ನಲ್ಲಿ ಅರ್ಧ ಮಾರಿಬಿಡಿ. ನೀರು ಇಳಿದಂತೆ ಮೀನೂ ಕಡಿಮೆ ಆಗಬೇಕು. ದೊಡ್ಡವು ಮಾರಿದರೆ ಸಣ್ಣವಕ್ಕೆ ಉಸಿರು ಸಿಗುತ್ತದೆ. ಇನ್ನೂ ಸ್ವಲ್ಪ ತೂಕ ಬರಲಿ ಅಂತ ಕಾದು ನಾನು ಎಲ್ಲಾ ಕಳೆದುಕೊಂಡೆ.

ನೀರು ಪರೀಕ್ಷೆ, ಮರಿ ಎಲ್ಲಿ ಸಿಗುತ್ತದೆ ಅನ್ನುವ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ.

ಕೊನೆಗೆ ಕಾಕಾನ ಮಾತು. ಆ ದಿನ ಸಂಜೆ ಅವರ ಮನೆಗೆ ಹೋಗಿ, ಮುಂಜಾನೆ ಯಾರ ಎದುರು ಬೈದಿದ್ದೆನೋ ಅವರ ಎದುರೇ ತಪ್ಪಾಯಿತು ಅಂದೆ. ಅವರು ಚಹಾ ಮಾಡಿಸಿದರು. ಮೀನು ಹೇಗೆ ಸತ್ತವು ಅಂತ ಪೂರ್ತಿ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು. "ಹಂಗಾದ್ರ ನನ್ನ ಔಷಧ ಬಂದಿದ್ರ ಏನಾಗ್ತಿತ್ತು?" ಒಂದೂ ಉಳಿಯುತ್ತಿರಲಿಲ್ಲ ಕಾಕಾ, ಅಂದೆ.

ಈಗ ಅವರು ಔಷಧ ಹೊಡೆಯುವ ಹಿಂದಿನ ದಿನ ಫೋನ್ ಮಾಡುತ್ತಾರೆ. ನಾನು ಹೊಂಡದ ಬಾಯಿ ಮುಚ್ಚಿ, ಬದುವಿನ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸುತ್ತೇನೆ. ಎರಡು ಹೊಲದ ನಡುವೆ ಲಾವಂಚ ಮತ್ತು ಹುಲ್ಲಿನ ಸಾಲು ಹಾಕಿದ್ದೇವೆ, ಅರ್ಧ ಖರ್ಚು ಅವರದು, ಅರ್ಧ ನನ್ನದು.

ಈ ಆಗಸ್ಟ್‌ನಲ್ಲಿ ಮತ್ತೆ ಮರಿ ಬಿಟ್ಟೆ. ನಾನೂರು ಮಾತ್ರ. ಎಣಿಸಿದವಳು ಅವ್ವ.